ನೂರ ಎಂಬತ್ತು ಗೂಬೆ, ಶುಕ್ರವಾರದ ವಿಮಾನ

ಚನ್ನಪಟ್ಟಣ
3 ನವೆಂಬರ್ 2025, ಸೋಮವಾರ

ತಸ್ಲೀಮಾ,

ಚೆನ್ನಾಗಿದ್ದೀಯಾ ಎಂದು ಕೇಳುವುದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ಕೆಲಸದ ಮಾತು. ಫೋನ್ ಮಾಡಬಹುದಿತ್ತು, ಆದರೆ ನೀನು ನನ್ನ ಮಾತು ಅರ್ಧಕ್ಕೆ ಬರುವ ಮೊದಲೇ "ಆಗಲ್ಲ ಅಣ್ಣ" ಅನ್ನುತ್ತೀಯ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು. ಹುಸೇನ್ ವಾರಕ್ಕೆರಡು ಸಲ ವ್ಯಾನ್ ತೆಗೆದುಕೊಂಡು ನಿಮ್ಮ ದೇವನಹಳ್ಳಿ ಕಡೆ ಬರುತ್ತಾನಲ್ಲ, ಅವನ ಕೈಲಿ ಕಳಿಸುತ್ತಿದ್ದೇನೆ. ಉತ್ತರವನ್ನೂ ಅವನಿಗೇ ಕೊಡು.

ವಿಷಯ ಇಷ್ಟು. ಜರ್ಮನಿಯ ಆಟಿಕೆ ಅಂಗಡಿಯೊಂದು ನೂರ ಎಂಬತ್ತು ಗೂಬೆ ಕೇಳಿದೆ. ಹಾಲೆ ಮರದ ಗೂಬೆ, ಹೊಟ್ಟೆಯೊಳಗೆ ಪುಟ್ಟ ದೀಪ, ದೀಪಕ್ಕೆ ಚಾರ್ಜ್ ಆಗುವ ಲಿಥಿಯಂ ಸೆಲ್. ಮಗು ಮಲಗುವಾಗ ಪಕ್ಕದಲ್ಲಿಟ್ಟರೆ ಮಂಕಾಗಿ ಬೆಳಗುತ್ತದೆ. ನೀನು ಬಿಟ್ಟುಹೋದ ಲೇತಿನಲ್ಲಿ ಈಗ ಕೂರುವವಳು ಶಿವಲಿಂಗಮ್ಮ. ಮೊದಲ ಗೂಬೆಗೆ ಕಣ್ಣು ಬರೆದವಳೇ ದೂರ ಇಟ್ಟು, "ಗೂಬೆ ಕೂಗುದ್ರೆ ಜನ ಮನೇನೇ ಬುಟ್ಟು ಓಯ್ತಾರೆ, ನೀನು ನೂರೆಂಬತ್ತು ತಂದು ಕೂರುಸ್ತಾ ಇದ್ದೀಯಲ್ಲಣ್ಣ" ಅಂದಳು. "ಜರ್ಮನಿಯೋರ ಮನೆ ಕಣಮ್ಮ, ಬುಟ್ಟೋದ್ರೆ ಅವ್ರು ಓಯ್ತಾರೆ" ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕ್ರಿಸ್‌ಮಸ್ಸಿಗೆ ಮೊದಲು ಸರಕು ಅಂಗಡಿಯಲ್ಲಿರಬೇಕು. ಹಡಗಿನಲ್ಲಿ ಕಳಿಸಿದರೆ ಹಬ್ಬ ಮುಗಿದ ಮೇಲೆ ಇಳಿಯುತ್ತದೆ. ವಿಮಾನವೇ ಗತಿ. ಇದು ಹೋದರೆ ಬರುವ ವರ್ಷವೆಲ್ಲ ಕೆಲಸ. ಹೋಗದಿದ್ದರೆ ನಾಲ್ಕು ಲೇತಿಗೂ ಗೋಣಿ ಹೊದಿಸಿ, ಏಳು ಜನ ಹೆಂಗಸರಿಗೆ ಮನೆಗೆ ಹೋಗಿ ಎನ್ನಬೇಕು.

ಈಗ ನನ್ನ ಪ್ರಶ್ನೆ. ಪೆಟ್ಟಿಗೆಯ ಮೇಲೆ "ಮರದ ಆಟಿಕೆ" ಎಂದು ಬರೆದರೆ ಅದು ಸುಳ್ಳೇ? ಮರದ್ದೇ, ಆಟಿಕೆಯೇ. ಒಳಗಿರುವುದು ಬಿಸ್ಕತ್ತಿನಷ್ಟು ಒಂದು ಸೆಲ್. ಕೆಟ್ಟರೆ ಬದಲಾಯಿಸಿಕೊಳ್ಳಲಿ ಎಂದು ಇಪ್ಪತ್ತು ಬಿಡಿ ಸೆಲ್ಲನ್ನೂ ಮೂಲೆಯಲ್ಲಿ ತುರುಕಬೇಕೆಂದಿದ್ದೇನೆ. ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ಪೆಟ್ಟಿಗೆ ಪರೀಕ್ಷಿಸಿ ಸಹಿ ಹಾಕುವವಳು ನೀನೇ ಎಂದು ಹುಸೇನ್ ಹೇಳಿದ. ಹಾಗಾಗಿ ಧೈರ್ಯ. ಧೈರ್ಯ ಎಂದು ಬರೆದೆನಲ್ಲ, ಅದೂ ಅರ್ಧವೇ. ಕೈಲಾಂಚ ಹಳ್ಳಿಯಿಂದ ಬಂದು ಇಲ್ಲಿ ಮರದ ಪುಡಿ ಗುಡಿಸುತ್ತಿದ್ದವನಿಗೆ ಇಷ್ಟು ದೂರದ ವ್ಯವಹಾರ ಹೊಸದು.

ಚೆನ್ನಾಗಿದ್ದೀಯಾ?

ಬೈರೇಶ


ದೇವನಹಳ್ಳಿ
6 ನವೆಂಬರ್ 2025

ಬೈರೇಶಣ್ಣ,

ಕೊನೆಯವರೆಗೂ ಓದಿದೆ. ಆಗಲ್ಲ ಅಣ್ಣ.

ಅಕ್ಷರ ಸೊಟ್ಟಗಿದೆ, ಕ್ಷಮಿಸಿ. ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಸೆಲ್ ಇದೆ ಎಂದಮೇಲೆ ಸೆಲ್ ಇದೆ ಎಂದೇ ಬರೆಯಬೇಕು. ಪೆಟ್ಟಿಗೆಗೆ ಕೆಂಪು ಅಂಚಿನ, ಬ್ಯಾಟರಿ ಚಿತ್ರದ ಗುರುತು ಅಂಟಿಸಬೇಕು, ದೂರದಿಂದ ನೋಡಿದವನಿಗೂ ಒಳಗೇನಿದೆ ಎಂದು ತಿಳಿಯಲಿ ಅಂತ. ಬಿಡಿ ಸೆಲ್ ಹಾಕಲೇಬೇಡಿ. ಬರೀ ಸೆಲ್ಲಿಗೆ ಬೇರೆ ನಿಯಮ, ಜನ ಕೂರುವ ವಿಮಾನಕ್ಕೆ ಅದು ಹತ್ತುವುದೇ ಇಲ್ಲ. ಗೂಬೆಯೊಳಗೆ ಕೂರಿಸಿದ್ದಕ್ಕೆ ದಾರಿಯಿದೆ. ಸೆಲ್ ಮಾಡಿದವರು ಅದನ್ನು ಬಡಿದು, ಅಲುಗಾಡಿಸಿ, ಕಾಯಿಸಿ ಪರೀಕ್ಷೆ ಮಾಡಿದ್ದರ ಕಾಗದ ಕೊಡುತ್ತಾರೆ. ಅದು ನಮಗೆ ಬೇಕು. ಸೆಲ್ ಒಳಗೆ ಆಡಬಾರದು. ದಾರಿಯಲ್ಲಿ ದೀಪ ತಾನಾಗಿ ಹೊತ್ತಿಕೊಳ್ಳಬಾರದು. ಚಾರ್ಜ್ ಪೂರ್ತಿ ತುಂಬಿಸಬೇಡಿ, ಕಾಲುಭಾಗ ಇದ್ದರೆ ಸಾಕು.

ಎಲ್ಲಕ್ಕಿಂತ ಮುಖ್ಯದ್ದು ಒಂದು. ಉಬ್ಬಿದ್ದು, ಜಜ್ಜಿದ್ದು, ಬಿಸಿ ತಗುಲಿ ಕೆಟ್ಟದ್ದು ಒಂದೇ ಒಂದು ಸೆಲ್ ಇದ್ದರೂ ಅದು ವಿಮಾನ ಹತ್ತಬಾರದು. ಕೆಟ್ಟ ಸೆಲ್ ತಾನೇ ಕಾಯುತ್ತದೆ, ಪಕ್ಕದ್ದನ್ನು ಕಾಯಿಸುತ್ತದೆ, ಅದು ಅದರ ಪಕ್ಕದ್ದನ್ನು. ನೀರು ಹಾಕಿದರೂ ಮತ್ತೆ ಹೊತ್ತಿಕೊಳ್ಳುತ್ತದೆ. ಭೂಮಿಯ ಮೇಲಾದರೆ ಓಡಿಹೋಗಬಹುದು.

ಸೆಲ್ ಇಡುವ ಗೂಡಿನ ಮುಚ್ಚಳವನ್ನು ಹೇಗೆ ಕೂರಿಸಿದ್ದೀರಿ? ಇದಕ್ಕೆ ಮಾತ್ರ ಸರಿಯಾಗಿ ಉತ್ತರ ಬರೆಯಿರಿ.

ತಸ್ಲೀಮಾ


ಚನ್ನಪಟ್ಟಣ
10 ನವೆಂಬರ್ 2025

ತಸ್ಲೀಮಾ,

ನಿನ್ನ ಕಾಗದವನ್ನು ಲೇತಿನ ಪಕ್ಕದ ಗೋಡೆಗೆ ಅಂಟಿಸಿ, ಓದು ಬರುವವರೆಲ್ಲ ಓದಿ ಎಂದೆ. ಶಿವಲಿಂಗಮ್ಮ ಕೇಳಿಸಿಕೊಂಡು, "ಅಯ್ಯೋ, ಗೂಬೆ ಮಾಡಾಕೆ ಕರ್ದೋ, ಬಾಂಬ್ ಮಾಡಾಕೋ" ಅಂದಳು. ಎಡಗೈಯಲ್ಲಿ ಬರೆಯುವುದನ್ನು ಯಾವಾಗ ಕಲಿತೆ? ಬಲಗೈ ಸಹಿಗೆ ಮೀಸಲೇ? ಆಫೀಸಿನವಳಾಗಿಬಿಟ್ಟೆ ನೀನು. ನನ್ನ ಪಕ್ಕದಲ್ಲಿ ಕೂತು ಅರಗು ಒತ್ತುತ್ತಿದ್ದವಳು ಈಗ ನನಗೇ ನಿಯಮ ಹೇಳುತ್ತೀಯ ಎಂದು ಒಂದು ಗಳಿಗೆ ಸಿಟ್ಟೂ ಬಂತು. ಬರೆದುಬಿಟ್ಟೆ. ಮುಂದಕ್ಕೆ ಹೋಗೋಣ.

ಪರೀಕ್ಷೆಯ ಕಾಗದ ತರಿಸಿದ್ದೇನೆ. ಬಿಡಿ ಸೆಲ್ ಕೈಬಿಟ್ಟೆ. ದೀಪದ ಗುಂಡಿಯ ಮೇಲೆ ದಪ್ಪ ರಟ್ಟು ಕಟ್ಟಿದ್ದೇವೆ, ದೀಪ ತಾನಾಗಿ ಹೊತ್ತುವ ಮಾತಿಲ್ಲ. ಚಾರ್ಜ್ ಕಾಲುಭಾಗ. ಪೆಟ್ಟಿಗೆ ಆರು, ಒಂದೊಂದರಲ್ಲಿ ಮೂವತ್ತು ಗೂಬೆ, ನಡುವೆ ರಟ್ಟಿನ ಗೋಡೆ.

ಮುಚ್ಚಳದ ಮಾತು. ಮೊದಲು ಸ್ಕ್ರೂ ಹಾಕಿದ್ದೆವು. ಮಗುವಿನ ಕೈಗೆ ಸ್ಕ್ರೂ ಸಿಗಬಾರದು ಎಂದು ಜರ್ಮನಿಯವರು ಬೇಡವೆಂದರು. ಹಾಗಾಗಿ ನಮ್ಮ ಪದ್ಧತಿಯಲ್ಲೇ ಮುಚ್ಚಿದ್ದೇವೆ. ಕೂದಲು ತೂರಿಸಲೂ ಸಂದಿಯಿಲ್ಲ. ಕೇದಗೆ ಎಲೆಯಲ್ಲಿ ಉಜ್ಜಿದ ಮೇಲೆ ಮುಚ್ಚಳ ಎಲ್ಲಿದೆ ಎಂದು ಮಾಡಿದವನಿಗೇ ತಿಳಿಯುವುದಿಲ್ಲ.

ಬೈರೇಶ


ದೇವನಹಳ್ಳಿ
12 ನವೆಂಬರ್ 2025

ಬೈರೇಶಣ್ಣ,

ನಮ್ಮ ಪದ್ಧತಿ ಎಂದರೆ ಅರಗು ತಾನೆ? ಸೆಲ್ ಒಳಗಿಟ್ಟು, ಗೂಬೆಯನ್ನು ಲೇತಿಗೆ ಏರಿಸಿ, ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿದಿರಾ? ಆ ಉಜ್ಜಾಟಕ್ಕೇ ಅರಗು ಕರಗಿ ಸಂದಿಗೆ ಇಳಿಯುತ್ತದೆ. ಕಡ್ಡಿ ಹಿಡಿದ ಬೆರಳು ಸುಡುವಷ್ಟು ಬಿಸಿ ಅದು, ನಾಲ್ಕು ವರ್ಷ ಹಿಡಿದವಳು ನಾನು. ಆ ಬಿಸಿ ಒಳಗಿನ ಸೆಲ್ಲಿಗೆ ತಗುಲಿತೇ?

ಎಡಗೈಯ ವಿಷಯ ಹೇಳಬಾರದು ಎಂದಿದ್ದೆ. ಹೇಳುತ್ತೇನೆ. ಹೋದ ತಿಂಗಳು ಯಾರದೋ ಪೆಟ್ಟಿಗೆ ಬಂತು, ಮೇಲೆ "ಬಟ್ಟೆ" ಎಂದಿತ್ತು. ತೂಕ ಮಾಡಲು ಎತ್ತಿಕೊಂಡೆ. ಕೆಳಭಾಗ ಬೆಚ್ಚಗಿತ್ತು, ಆಗತಾನೆ ಇಸ್ತ್ರಿ ಮಾಡಿದ ಹಾಗೆ. ಬಟ್ಟೆ ಇರಬೇಕು ಎಂದುಕೊಂಡೆ ನೋಡಿ, ಅಷ್ಟು ದಡ್ಡಿ ನಾನು. ಮರುಕ್ಷಣ ಸಿಳ್ಳೆ ಹೊಡೆದಂಥ ಸದ್ದು, ಬಿಳಿ ಹೊಗೆ. ಪೆಟ್ಟಿಗೆ ಬಿಸಾಡುವಷ್ಟರಲ್ಲಿ ಬಲ ಅಂಗೈ ಹೋಗಿತ್ತು. ಚರ್ಮ ಕೂಡುತ್ತಿದೆ. ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ.

ಇನ್ನೊಂದು ಗಂಟೆ ತಡವಾಗಿದ್ದರೆ ಅದು ವಿಮಾನದ ಹೊಟ್ಟೆಯಲ್ಲಿರುತ್ತಿತ್ತು. ಮೇಲೆ ಜನ ಊಟದ ತಟ್ಟೆ ಬಿಚ್ಚುತ್ತಿರುತ್ತಿದ್ದರು.

ಅರಗಿನ ಮಾತಿಗೆ ಹೌದು, ಇಲ್ಲ ಎರಡರಲ್ಲಿ ಒಂದು ಬರೆಯಿರಿ. ಹೌದಾದರೆ ಕಳಿಸಬೇಡಿ. ಒಡೆದು ಹೊಸ ಸೆಲ್ ಹಾಕಿ.

ತಸ್ಲೀಮಾ


ಚನ್ನಪಟ್ಟಣ
17 ನವೆಂಬರ್ 2025, ಸೋಮವಾರ

ತಸ್ಲೀಮಾ,

ಕೈ ಸುಟ್ಟಿದ್ದು ಓದಿ ಬೇಜಾರಾಯಿತು. ಹೋದ ಕಾಗದದಲ್ಲಿ ತಮಾಷೆ ಮಾಡಿದ್ದಕ್ಕೆ ನಾಚಿಕೆಯಾಗಿದೆ.

ಉತ್ತರ ತಡವಾಯಿತು, ಪ್ಯಾಕಿಂಗ್ ಗಲಾಟೆ. ಹುಸೇನ್ ವ್ಯಾನಿನಲ್ಲಿ ಆರು ಪೆಟ್ಟಿಗೆ ಬರುತ್ತಿವೆ, ಜೊತೆಗೆ ಕಾಗದಪತ್ರ.

ಅರಗಿನ ವಿಷಯ: ಇಲ್ಲ. ಅರಗನ್ನು ಮೊದಲೇ ಹಚ್ಚಿ, ಆರಿದ ಮೇಲೆ ಸೆಲ್ ಇಟ್ಟು, ಮುಚ್ಚಳವನ್ನು ಗೋಂದಿನಲ್ಲಿ ಕೂರಿಸಿದ್ದು. ಹೆದರಬೇಡ.

ಬೈರೇಶ


ದೇವನಹಳ್ಳಿ
19 ನವೆಂಬರ್ 2025, ಬುಧವಾರ

ಬೈರೇಶಣ್ಣ,

ಪೆಟ್ಟಿಗೆ ಬಂದವು. ಪರೀಕ್ಷೆಯ ಕಾಗದ ಸರಿಯಿದೆ, ಗುರುತು ಸರಿಯಿದೆ. ಒಂದು ಪೆಟ್ಟಿಗೆ ಬಿಚ್ಚಿ ಒಂದು ಗೂಬೆ ಎತ್ತಿಕೊಂಡೆ. ನುಣುಪು ಚೆನ್ನಾಗಿದೆ.

ನೀವು ಇಲ್ಲ ಎಂದು ಬರೆದಿದ್ದೀರಿ. ಸಹಿ ಹಾಕಿದ್ದೇನೆ.

ಶುಕ್ರವಾರ ಸಂಜೆಯ ವಿಮಾನ, ಪ್ರಯಾಣಿಕರದ್ದು. ಇನ್ನೂರಕ್ಕೂ ಹೆಚ್ಚು ಜನ.

ತಸ್ಲೀಮಾ


ಚನ್ನಪಟ್ಟಣ
20 ನವೆಂಬರ್ 2025, ಗುರುವಾರ

ತಸ್ಲೀಮಾ,

ಇದನ್ನು ಕೈಗೆ ಸಿಕ್ಕ ಕೂಡಲೇ ಓದು, ನಿಂತಲ್ಲೇ ಓದು.

ಪೆಟ್ಟಿಗೆಗಳನ್ನು ಇಳಿಸು. ನಾನು ಬರೆದದ್ದು ಸುಳ್ಳು. ಅರಗು ಬಿಸಿಯಲ್ಲೇ ಒತ್ತಿದ್ದು, ಸೆಲ್ ಒಳಗಿರುವಾಗಲೇ.

ಈಗ ಆದದ್ದು ಹೇಳುತ್ತೇನೆ. ನೂರ ಎಂಬತ್ತಲ್ಲ, ನೂರ ಎಂಬತ್ತನಾಲ್ಕು ಮಾಡಿದ್ದೆವು. ನಾಲ್ಕನ್ನು ಮಾದರಿಗೆಂದು ಗಾಜಿನ ಬೀರುವಿನಲ್ಲಿಟ್ಟಿದ್ದೆ. ಇವತ್ತು ಬೆಳಗ್ಗೆ ಹನ್ನೊಂದರ ಸುಮಾರಿಗೆ ಎಲ್ಲರೂ ಕೆಲಸದಲ್ಲಿದ್ದಾಗ ಟಪ್ ಎಂಬ ಸದ್ದಾಯಿತು. ಮರ ಸೀಳಿತೇನೋ ಎಂದು ತಿರುಗಿ ನೋಡಿದರೆ ಎರಡನೆಯ ಗೂಬೆಯ ತಳದ ಮುಚ್ಚಳ ಎದ್ದು ಬಿದ್ದಿದೆ, ಸೆಲ್ ಪೂರಿಯ ಹಾಗೆ ಉಬ್ಬಿ ಹೊರಗೆ ಇಣುಕುತ್ತಿದೆ. ನೀನು ಬರೆದಿದ್ದೆಯಲ್ಲ, ಸಿಳ್ಳೆಯಂಥ ಸದ್ದು. ಅದೇ. ಸುತ್ತ ಮರದ ಪುಡಿ, ಅರಗು, ಬಣ್ಣ; ಒಂದು ಕಿಡಿ ಸಾಕು. ಶಿವಲಿಂಗಮ್ಮ ಸೆರಗನ್ನು ಕೈಗೆ ಸುತ್ತಿಕೊಂಡು ಗೂಬೆಯನ್ನು ಹಿಡಿದು ಓಡಿ, ಹೊರಗೆ ಕಟ್ಟಡಕ್ಕೆಂದು ಸುರಿದಿದ್ದ ಮರಳಿನ ಗುಡ್ಡೆಗೆ ಎಸೆದಳು. ಅಲ್ಲಿ ಬೆಂಕಿ ಎದ್ದಿತು. ಎಲ್ಲರೂ ಸೇರಿ ಮರಳು ಎಳೆದು ಹಾಕಿದೆವು. ಮರಳು ಮುಚ್ಚಿದರೂ ಒಳಗಿಂದ ಬುಸ್ ಬುಸ್ ಎನ್ನುತ್ತಲೇ ಇತ್ತು.

ನಾಲ್ಕರಲ್ಲಿ ಒಂದು. ನಾನು ಲೆಕ್ಕ ಹಾಕಿದೆ, ಬೇಡವೆಂದರೂ ತಲೆ ಬಿಡಲಿಲ್ಲ. ನೂರ ಎಂಬತ್ತರಲ್ಲಿ ಎಷ್ಟು? ಇನ್ನೂರಕ್ಕೂ ಹೆಚ್ಚು ಜನ ಎಂದು ನೀನೇ ಬರೆದಿದ್ದೀಯ.

ಯಾಕೆ ಹೀಗೆ ಮಾಡಿದೆ ಎಂದರೆ, ಶಿವಲಿಂಗಮ್ಮ ಅರಗಿನಲ್ಲೇ ಮುಚ್ಚೋಣ, ಏನೂ ಆಗುವುದಿಲ್ಲ ಎಂದಳು. ಸೆಲ್ಲನ್ನು ಕಾಯಿಸಿ ಪರೀಕ್ಷೆ ಮಾಡಿರುತ್ತಾರೆ ಎಂದು ನೀನೂ ಬರೆದಿದ್ದೆ. ಅಷ್ಟು ಕಾಯಿಸಿದರೂ ತಡೆಯುವ ಸೆಲ್ಲಿಗೆ ನಮ್ಮ ಅರಗು ಏನು ಮಹಾ ಎಂದುಕೊಂಡೆ. ನನಗೆ ಬೇಕಾದ ಸಾಲನ್ನಷ್ಟೇ ಓದಿದೆ.

ಮಧ್ಯಾಹ್ನ ನಿನ್ನ ಊಟದ ಬಿಡುವಿನಲ್ಲಿ ಫೋನ್ ಮಾಡಿದ್ದು ಇದಕ್ಕೇ. ನೀನು "ಹೇಳಿ ಅಣ್ಣ" ಅಂದೆ. ಬಾಯಿ ತೆರೆದೆ. "ಊಟ ಆಯ್ತಾ" ಎಂದುಬಿಟ್ಟೆ. ನೀನು "ಹ್ಞೂಂ, ಆಯ್ತು" ಅಂದೆ. ಇಟ್ಟುಬಿಟ್ಟೆ. ಆ ಕ್ಷಣಕ್ಕೆ ಪೊಲೀಸು, ಕೇಸು, ಗೋಣಿ ಹೊದ್ದ ಲೇತು ಎಲ್ಲ ಕಣ್ಣೆದುರು ಬಂದು ನಿಂತವು, ವಿಮಾನ ಬರಲಿಲ್ಲ. ಈಗ ವಿಮಾನ ಬಿಟ್ಟು ಬೇರೇನೂ ಕಾಣುತ್ತಿಲ್ಲ.

ಕಾಗದ ಹುಸೇನ್ ಕೈಲಿದೆ. ನಾಳೆ ಬೆಳಗ್ಗೆ ಆರಕ್ಕೆ ಹೊರಟರೆ ಹತ್ತಕ್ಕೆ ನಿಮ್ಮ ಗೇಟು. ವಿಮಾನ ಸಂಜೆ. ಹೊತ್ತಿದೆ.

ಬೈರೇಶ


ದೇವನಹಳ್ಳಿ
23 ನವೆಂಬರ್ 2025, ಭಾನುವಾರ

ಬೈರೇಶಣ್ಣ,

ಮೊದಲು ಇದನ್ನು ಓದಿಕೊಳ್ಳಿ: ಗೂಬೆಗಳು ವಿಮಾನ ಹತ್ತಲಿಲ್ಲ.

ಆದರೆ ನಿಮ್ಮ ಕಾಗದದಿಂದಲ್ಲ. ಶುಕ್ರವಾರ ಹುಸೇನ್‌ಗೆ ಈ ಕಡೆ ಲೋಡ್ ಸಿಗಲಿಲ್ಲವಂತೆ. ಶನಿವಾರ ಮಧ್ಯಾಹ್ನ ತಂದುಕೊಟ್ಟ. "ಬೈರೇಶಣ್ಣ ಅರ್ಜೆಂಟ್ ಅಂತ ಏನೂ ಅನ್ಲಿಲ್ವಲ್ಲಕ್ಕ" ಅಂದ. ವಿಮಾನ ಹಿಂದಿನ ಸಂಜೆಯೇ ಹೋಗಿ, ಅಲ್ಲಿ ಇಳಿದೂ ಆಗಿತ್ತು.

ನಾಲ್ಕು ವರ್ಷ ನಿಮ್ಮಲ್ಲಿ ಕೆಲಸ ಮಾಡಿದೆ. ಒಂದು ದಿನವಾದರೂ ಊಟ ಆಯ್ತಾ ಎಂದು ಕೇಳಿದವರಲ್ಲ ನೀವು. ಎಷ್ಟು ಪೀಸ್ ಆಯ್ತು ಎಂದು ಕೇಳಿದ್ದೀರಿ. ಗುರುವಾರ ಫೋನಿನಲ್ಲಿ ಹಾಗೆ ಕೇಳಿ ಇಟ್ಟಿರಲ್ಲ, ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಊಟ ಆಗಿರಲಿಲ್ಲ ಅಣ್ಣ, ಸುಮ್ಮನೆ ಆಯ್ತು ಅಂದಿದ್ದೆ. ಎದ್ದು ಓಡಿದೆ.

ಆರೂ ಪೆಟ್ಟಿಗೆ ಇಳಿಸಿ ಬಯಲಿಗೆ ಸಾಗಿಸಿದೆವು. ನೂರ ಎಂಬತ್ತರಲ್ಲಿ ಹದಿಮೂರು ಗೂಬೆಗಳ ತಳ ಎದ್ದಿತ್ತು. ಮೂರನೆಯ ಪೆಟ್ಟಿಗೆಯಲ್ಲಿ ಒಂದು ಮುಟ್ಟಲಾಗದಷ್ಟು ಬಿಸಿ. ಮರಳಿಗೆ ಹಾಕಿದ ಹತ್ತು ನಿಮಿಷಕ್ಕೆ ಹೊತ್ತಿಕೊಂಡಿತು.

ನಾನು ಬಚ್ಚಿಟ್ಟಿದ್ದೂ ಒಂದಿದೆ. ಬುಧವಾರ ಗೂಬೆ ಎತ್ತಿಕೊಂಡೆ ಎಂದು ಬರೆದೆನಲ್ಲ, ತಳದ ಮೇಲೆ ಬೆರಳಾಡಿಸಿದಾಗಲೇ ಗೊತ್ತಾಯಿತು. ಗೋಂದಿನಲ್ಲಿ ಕೂರಿಸಿದ ಮುಚ್ಚಳಕ್ಕೆ ಆ ನುಣುಪು ಬರುವುದಿಲ್ಲ. ಅದು ಲೇತಿನ ಮೇಲೆ ತಿರುಗಿದ ಅರಗು. ಗೊತ್ತಾದಮೇಲೂ, ಅಣ್ಣ ಇಲ್ಲ ಎಂದು ಬರೆದಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡು ಸಹಿ ಹಾಕಿದೆ. ಅಲ್ಲಿ ಏಳು ಜನ ಹೆಂಗಸರಿದ್ದಾರೆ ಎಂದುಕೊಂಡೆ. ಮೇಲೆ ಕೂರುವವರನ್ನು ಎಣಿಸಲಿಲ್ಲ. ಸುಟ್ಟ ಕೈಯಲ್ಲೇ ಸಹಿ ಹಾಕಿದೆ.

ಗುರುವಾರವೇ ನನ್ನ ಗುರುತಿನ ಚೀಟಿಯನ್ನೂ ಫೋನನ್ನೂ ತೆಗೆದುಕೊಂಡಿದ್ದಾರೆ. ಒಂದು ದಿನ ಸರಿ ಎಂದು ಸಹಿ ಹಾಕಿ ಮರುದಿನ ಅನುಮಾನ ಬಂತು ಎಂದರೆ, ಹೇಗೆ ಬಂತು ಎಂದು ಕೇಳುತ್ತಾರೆ. ಊಟ ಆಯ್ತಾ ಅಂದರು ಸರ್ ಎಂದು ಹೇಳಲಾಗುತ್ತದೆಯೇ? ಬುಧವಾರ ಹನ್ನೊಂದಕ್ಕೆ ವಿಚಾರಣೆ.

ನಿಮ್ಮ ಗುರುವಾರದ ಕಾಗದವನ್ನು ಇನ್ನೂ ಯಾರಿಗೂ ತೋರಿಸಿಲ್ಲ. ತೋರಿಸಿದರೆ ನಿಮ್ಮ ಮೇಲೆ ಕೇಸು, ಇನ್ನು ನಿಮ್ಮ ಸರಕನ್ನು ಯಾವ ಶೆಡ್ಡೂ ಮುಟ್ಟುವುದಿಲ್ಲ. ತೋರಿಸದಿದ್ದರೆ ತಪ್ಪೆಲ್ಲ ನನ್ನದು. ನನ್ನ ಪಾಲಿನದನ್ನು ನಾನು ಹೇಗೂ ಹೇಳುತ್ತೇನೆ. ನಿಮ್ಮ ಪಾಲಿನದು ನೀವು ಹೇಳಬೇಕು. ನನಗೆ ತುಂಬ ಭಯವಾಗಿದೆ ಅಣ್ಣ.

ಕಾಗದ ಕೊಟ್ಟರೆ ಶಿವಲಿಂಗಮ್ಮನನ್ನೂ ಕರೆಸುತ್ತಾರೆ. ಅವಳು ಹಾಗೆ ಹೇಳಿದ್ದು ಮಾತ್ರ ನನಗೆ ಅರ್ಥವಾಗಲಿಲ್ಲ. ಅರಗಿನ ಬಿಸಿ ಅವಳಿಗೆ ಗೊತ್ತಿಲ್ಲದ್ದೇ?

ತಸ್ಲೀಮಾ


ದೇವನಹಳ್ಳಿ, ನಿಮ್ಮ ಗೇಟಿನೆದುರಿನ ಟೀ ಅಂಗಡಿ
26 ನವೆಂಬರ್ 2025, ಬುಧವಾರ

ತಸ್ಲೀಮಾ,

ಈ ಕಾಗದವನ್ನು ಹುಸೇನ್‌ಗೆ ಕೊಡಲಿಲ್ಲ. ನಾನೇ ಬಂದಿದ್ದೇನೆ. ಬಂದಮೇಲೆ ಯಾಕೆ ಬರೆಯಬೇಕು ಎನ್ನುತ್ತೀಯ. ವಿಚಾರಣೆಯ ಮೇಜಿನೆದುರು ನಿಂತರೆ ನನ್ನ ಬಾಯಿಂದ ಏನು ಹೊರಡುತ್ತದೋ ನನಗೇ ನಂಬಿಕೆಯಿಲ್ಲ.

ಶುಕ್ರವಾರ ಹೇಗೆ ಕಳೆದೆ ಎಂದು ಹೇಳುವುದಿಲ್ಲ, ಹೇಳಿದರೆ ನನ್ನ ಮೇಲೆ ಕನಿಕರ ಬರಲಿ ಎಂದು ಹೇಳಿದ ಹಾಗಾಗುತ್ತದೆ. ಇಷ್ಟು ಮಾತ್ರ. ನಿನ್ನ ಫೋನಿಗೆ ಹದಿನೇಳು ಸಲ ಮಾಡಿದೆ, ಆಫ್ ಇತ್ತು. ಸಂಜೆಯಾದ ಮೇಲೆ ಅಂಗಡಿಯೊಂದರ ಟಿವಿ ಎದುರು ಹೋಗಿ ನಿಂತೆ. ಯಾವ ಸುದ್ದಿಗೆ ಕಾಯುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ಪಕ್ಕದವನು "ಏನಣ್ಣ, ಯಾವ್ ಮ್ಯಾಚು?" ಅಂದ.

ಗುರುವಾರದ ಕಾಗದವನ್ನು ಅವರಿಗೆ ಕೊಡು. ಇದನ್ನೂ ಜೊತೆಗೆ ಕೊಡು, ಯಾಕೆಂದರೆ ಅದರಲ್ಲೂ ಒಂದು ಸುಳ್ಳಿದೆ.

ಶಿವಲಿಂಗಮ್ಮ ಹಾಗೆ ಹೇಳಲಿಲ್ಲ. ಮೊದಲ ಗೂಬೆಯನ್ನು ಲೇತಿಗೆ ಏರಿಸು ಎಂದಾಗ ಅವಳು ಕಡ್ಡಿ ಕೆಳಗಿಟ್ಟಳು. "ಬ್ಯಾಡ ಕಣಣ್ಣ. ಮರ ತಡೀತದೆ, ಒಳಗಿರಾದು ಬೆಂದೋಯ್ತದೆ" ಅಂದಳು. "ನಿಂಗೇನ್ ಗೊತ್ತಮ್ಮ, ಏಳು ಮೇಲಕ್ಕೆ" ಅಂದೆ. ಅವಳನ್ನು ಎಬ್ಬಿಸಿ ಆ ಲೇತಿನಲ್ಲಿ ನಾನು ಕೂತೆ. ಎರಡು ದಿನ, ನೂರ ಎಂಬತ್ತನಾಲ್ಕು ಮುಚ್ಚಳ, ಎಲ್ಲವೂ ನನ್ನ ಕೈಯವು. ಒಂದನ್ನೂ ಅವಳು ಮುಟ್ಟಲಿಲ್ಲ. ಹೊಗೆ ಬಂದ ದಿನ ಎಲ್ಲರಿಗಿಂತ ಮೊದಲು ಮುಟ್ಟಿದವಳು ಅವಳೇ. ಅದಾಗಿ ಮೂರು ತಾಸಿನ ಮೇಲೆ ನಾನು ನಿನಗೆ ತಪ್ಪೊಪ್ಪಿಗೆ ಬರೆಯುತ್ತ ಕೂತೆ, ಅದರಲ್ಲಿ ತಪ್ಪನ್ನು ಅವಳ ಮಡಿಲಿಗೆ ಹಾಕಿದೆ. ಅವಳಿಗೆ ಓದು ಬಾರದು, ತಿಳಿಯುವುದಿಲ್ಲ ಎಂದು.

ನಿನ್ನೆ ಅವಳಿಗೆ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. "ಹೋಗಿ ಯೋಳ್ಬುಟ್ ಬಾ. ಆ ಮಗೀಗೆ ಕೈಯೇ ಇಲ್ಲ, ಕೆಲ್ಸಾನೂ ಕಿತ್ಕೊಂತೀಯಾ" ಅಂದಳು. ಆ ಮಗು ನೀನು.

ಗಂಟೆ ಹನ್ನೊಂದಾಗಲು ಕಾಲು ಗಂಟೆಯಿದೆ. ಕಾವಲಿನವನ ಕೈಲಿ ಇದನ್ನು ಒಳಗೆ ಕಳಿಸುತ್ತಿದ್ದೇನೆ. ಎರಡು ಟೀ ಕುಡಿದೆ. ಎದುರಿಗೇ ಊರಿಗೆ ಹೋಗುವ ಬಸ್ಸು ನಿಲ್ಲುತ್ತದೆ. ಈಗಾಗಲೇ ಒಂದು ಬಂದು ಹೋಯಿತು, ಎದ್ದು ನಿಂತು ಮತ್ತೆ ಕೂತೆ. ಇನ್ನೊಂದು ಬರುವುದರೊಳಗೆ ನನ್ನನ್ನು ಒಳಗೆ ಕರೆಯಲು ಹೇಳು.

ಬೈರೇಶ